ಕಾಗದದಲ್ಲಿದ್ದ ಸೇತುವೆ

ಹಳ್ಳದ ಆಚೆ ಹಾಲಿನ ಡೇರಿ, ಈಚೆ ಊರು. ಹಳ್ಳ ತುಂಬಿದಾಗಲೆಲ್ಲ ಕ್ಯಾನಿನಲ್ಲಿದ್ದ ಹಾಲು ದಡದಲ್ಲೇ ಒಡೆದುಹೋಗುತ್ತಿತ್ತು. ಸೇತುವೆ ಬೇಕೆಂದು ಫಕೀರವ್ವ ಕೊಟ್ಟ ಅರ್ಜಿಗೆ ಕಚೇರಿಯಿಂದ ಉತ್ತರ ಬಂತು: 'ಸದರಿ ಸ್ಥಳದಲ್ಲಿ ಹನ್ನೆರಡು ವರ್ಷಗಳ ಹಿಂದೆಯೇ ಸೇತುವೆ ನಿರ್ಮಿಸಲಾಗಿದೆ. ಇನ್ನೊಂದಕ್ಕೆ ಅವಕಾಶವಿಲ್ಲ.' ಕಟ್ಟಿಸಿದ ಇಸವಿ, ಕಟ್ಟಿಸಿದವರ ಹೆಸರು ಎಲ್ಲ ಅದರಲ್ಲಿತ್ತು. ಇಲ್ಲದ ಸೇತುವೆಯ ಮೇಲೆ ನಡೆಯುವುದು ಹೇಗೆಂದು ಮಾತ್ರ ಇರಲಿಲ್ಲ.

ಫಕೀರವ್ವ ಕಾಗದವನ್ನು ಮಡಚಿ ಸೆರಗಿನ ಗಂಟಿಗೆ ಸೇರಿಸಿದಳು. ಆ ಬೇಸಿಗೆಯಲ್ಲಿ ಊರಿನ ಹೆಂಗಸರೆಲ್ಲ ಸೇರಿ ಕಲ್ಲು ಹೊತ್ತು ತಾವೇ ಸೇತುವೆ ಕಟ್ಟಿಬಿಟ್ಟರು.

ಮೊದಲ ಮಳೆಗೆ ಹಾಲು ಆಚೆ ಹೋಯಿತು. ಅದೇ ಸೇತುವೆಯ ಮೇಲೆ ಎಂಜಿನಿಯರ ಜೀಪು ಈಚೆ ಬಂತು.

"ಪರ್ಮಿಷನ್ ಎಲ್ಲಿದೆಯಮ್ಮ? ಇದು ಅಕ್ರಮ. ನಾಳೇನೇ ಕೆಡವಿಸ್ತೀನಿ."

"ಕೆಡವಾಕ ಬಿಡೂದಿಲ್ರಿ ಸಾಹೇಬ್ರ."

"ಓಹೋ! ಹಾಗಾದ್ರೆ ಕಟ್ಟಿಸಿದವರ ಹೆಸರು ಹೇಳು, ಕೇಸ್ ಹಾಕ್ತೀನಿ."

"ಹಾಕ್ರಿ. ಹೆಸರು ಅಲ್ಲೇ ಕಲ್ಲಿನ ಮ್ಯಾಲ ಕೆತ್ತಿಸೇವ್ರಿ, ನಿಮ್ಮ ಕಚೇರಿ ಕಾಗದದಾಗ ಇದ್ದಂಗ."

ಎಂಜಿನಿಯರು ಬಗ್ಗಿ ನೋಡಿದರು. ಹನ್ನೆರಡು ವರ್ಷದ ಹಿಂದಿನ ಇಸವಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅವರದೇ ಹೆಸರು.