ಒಬ್ಬೊಬ್ಬರೇ ಇರುವ ಫೋಟೋ

ರೋಮ್ ನಗರದ ಆ ಹಳೆಯ ರಂಗಮಂದಿರದ ಮುಂದೆ ಮುಧೋಳ ಮಾಸ್ತರು ಶಿವಲೀಲಾಳ ಫೋಟೋ ತೆಗೆದರು. ಆಮೇಲೆ ಅವಳು ಅವರದು ತೆಗೆದಳು. ಬೆಳಗಿನಿಂದ ಚರ್ಚಿನಲ್ಲಿ, ಸೇತುವೆಯ ಮೇಲೆ, ಕಾರಂಜಿಯ ಹತ್ತಿರ ಇದೇ ನಡೆದಿತ್ತು.

ಪ್ರವಾಸಿ ಹುಡುಗಿಯೊಬ್ಬಳು ಇಬ್ಬರನ್ನೂ ಸೇರಿಸಿ ತೆಗೆಯುತ್ತೇನೆಂದು ಕೈಚಾಚಿದಳು. "ನೋ, ನೋ" ಎನ್ನುತ್ತ ಶಿವಲೀಲಾ ಮಾರುದೂರ ಸರಿದಳು.

"ಇಲ್ಲಿ ನಮ್ಮನ್ನ ಯಾರು ನೋಡ್ತಾರ್ರೀ?" ಎಂದರು ಮಾಸ್ತರು.

"ಫೋಟೋ ಊರಿಗೆ ಹೋಗ್ತದಲ್ರೀ."

ಅವಳ ಗಂಡ ತೀರಿ ಒಂಬತ್ತು ವರ್ಷ. ಊರಲ್ಲಿ ಅವಳ ಮನೆಯ ಹಿಂದಿನ ಓಣಿಯ ಮಾಸ್ತರೂ ಹೆಂಡತಿಯನ್ನು ಕಳಕೊಂಡವರು. ಮಗಳಿಗೆ ಅವಳು ಹೇಳಿ ಬಂದದ್ದು ಊರಿನ ಮಹಿಳಾ ಸಂಘ ಅಕ್ಕನ ಬಳಗದ ಹೆಂಗಸರ ಜೊತೆ ಪ್ರವಾಸ ಎಂದು. ಗದ್ದಲದಲ್ಲಿ ಎಲ್ಲಾದರೂ ಕನ್ನಡ ಕೇಳಿಸಿದರೆ ಸಾಕು, ಮಾಸ್ತರನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದಳು.

ಅಷ್ಟರಲ್ಲಿ ಮಗಳ ಮೆಸೇಜು ಬಂತು. "ಒಂದಾದ್ರೂ ಫೋಟೋ ಕಳಸವ್ವಾ. ಬಳಗದವ್ರೆಲ್ಲಾ ಆರಾಮ ಅದಾರಲ್ಲ?"

ಶಿವಲೀಲಾ ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದಳು. ಒಂದರಲ್ಲಿ ಮಾಸ್ತರ ಚೀಲವಿತ್ತು, ಇನ್ನೊಂದರಲ್ಲಿ ಅವರ ಕೊಡೆ. ಕೊನೆಗೆ ಹೊಸ ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತ ನಿಂತದ್ದು ಸಿಕ್ಕಿತು.

"ಇದರಾಗ ನನ್ನ ನೆರಳೂ ಬಿದ್ದಿಲ್ಲ, ಕಳಸ್ರಿ" ಎಂದರು ಮಾಸ್ತರು.

ಕಳಿಸಿದಳು. "ಎಲ್ಲಾರೂ ಆರಾಮ ಅದೀವಿ" ಎಂದೂ ಬರೆದಳು. ಮಗಳು ನೋಡಿದ ಗುರುತು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಶಿವಲೀಲಾ ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಮಾಸ್ತರು ತಂದುಕೊಟ್ಟ ಕಾಫಿ ಆರಿಹೋಯಿತು.

ಅರ್ಧ ತಾಸಿನ ಮೇಲೆ ಫೋನು ಸದ್ದು ಮಾಡಿತು.

"ಅವ್ವಾ, ನಿನ್ನ ಕನ್ನಡಕದಾಗ ಮುಧೋಳ ಮಾಸ್ತರು ಕಾಣಸ್ತಾರ. ಬಿಸಲಾಗ ಅವರ ಬೊಕ್ಕತಲಿ ಸುಡ್ತದ, ಒಂದು ಟೋಪಿ ಕೊಡಸು."