ಶಿವನಂಜಮ್ಮನ ವ್ಯಾನು

“ಹೆಣದ ಗಾಡಿ ಈ ಮುಂಬಾಗಿಲಿಂದ ಹೋಗಕೂಡದು!” ಮ್ಯಾನೇಜರ್ ರಾಮಸ್ವಾಮಿ ಮೇಜು ಗುದ್ದಿದರು. “ಹಿಂದಿನ ಗೇಟು ತೆಗೆಸು, ಸುಂದರೇಶ. ಪೂಜೆ ಗೀಜೆ ಏನೂ ಬೇಡ. ಪುರೋಹಿತರನ್ನು ಆಗಲೇ ಕಳಿಸಿಬಿಟ್ಟೆ.”

ತೆರೆದ ಬಾಗಿಲಿನಾಚೆ, ಷೋರೂಮಿನ ನಡುವೆ ಹೊಸ ವ್ಯಾನು ನಿಂತಿತ್ತು. ಅದರ ಪಕ್ಕದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದನ್ನು ಕೊಂಡ ಶಿವನಂಜಮ್ಮ. ಕುಂಬಾರಕೊಪ್ಪಲಿನಲ್ಲಿ ಇಟ್ಟಿಗೆ ಗೂಡು ನಡೆಸುವ ಹೆಂಗಸು. ಆಕೆಯ ವಂಶದಲ್ಲೇ ಮೋಟಾರು ಕೊಂಡವರಿಲ್ಲ.

ಸೇಲ್ಸ್‌ಮನ್ ಸುಂದರೇಶ ಅತ್ತ ನೋಡಿದ. “ಹೆಣದ ಗಾಡಿ ಅಂತ ಆಕೆ ಹೇಳಿಲ್ಲ ಸಾರ್.”

“ಬಾಯಿಬಿಟ್ಟು ಹೇಳಬೇಕೇನಯ್ಯಾ? ಹಿಂದಿನ ಸೀಟು ಕೀಳಿಸಿ ಆಳುದ್ದ ಹಲಗೆ ಹಾಕಿಸಿದ್ದಾಳೆ. ಕಿಟಕಿಗೆಲ್ಲ ಬಿಳಿ ಪರದೆ. ಜೊತೇಲಿ ಬಂದ ಆ ಮುದುಕಿ ಬಿಳೀ ಬಟ್ಟೇಲಿ ಏನು ಸುತ್ತಿ ಇಟ್ಟುಕೊಂಡಿದ್ದಾಳೆ ನೋಡು. ತುದೀಲಿ ಕಾಣ್ತಿರೋದು ಬಿದಿರು! ಚಟ್ಟದ ಸಾಮಾನು ಸಮೇತ ಬಂದಿದ್ದಾರೆ.” ಆಮೇಲೆ ಅವರ ದನಿ ಸ್ವಲ್ಪ ಮೆತ್ತಗಾಯಿತು. “ನಿನ್ನ ಹೆಂಡತಿ ದಿನ ತುಂಬಿದವಳು ಕಣೋ. ನೀನು ಅದನ್ನ ಮುಟ್ಟಬೇಡ.”

ಬೈಗುಳದ ಒಳಗೆ ಅಕ್ಕರೆ ಇತ್ತು. ಅದಕ್ಕೇ ಸುಂದರೇಶನಿಗೆ ಹೆಚ್ಚು ಭಯವಾಯಿತು. ಶಾರದೆಗೆ ಇದು ಚೊಚ್ಚಲು. ಬೆಳಿಗ್ಗೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಅವನನ್ನು ಬೀಳ್ಕೊಟ್ಟಿದ್ದಳು.

ಹೊರಗೆ ಬಂದ. ಮುದುಕಿ ಕೆಂಚಮ್ಮ ಬಿಸಿಲು ಬೀಳುವ ಕಡೆ ನೆಲದ ಮೇಲೆ ಕೂತಿದ್ದಳು. ಮೊದಲು ಅವಳಿಗೊಂದು ಸ್ಟೂಲು ನೆರಳಿಗೆ ಎಳೆದು ಹಾಕಿದ, ಲೋಟದಲ್ಲಿ ನೀರು ಕೊಟ್ಟ. ಶಿವನಂಜಮ್ಮ ಅದನ್ನು ನೋಡಿದಳು.

“ಹಿಂದಿನ ಗೇಟು ಸಲೀಸಮ್ಮಾ…”

“ಹೋದ ವಾರ ಆ ಸಾಹುಕಾರ್ರ ಕಾರು ಯಾವ ಬಾಗ್ಲಿಂದ ಹೋಯ್ತಪ್ಪಾ?”

“ಮುಂಬಾಗಿಲಿಂದ.”

“ಹಾರ ಹಾಕಿದ್ರಾ?”

“ಹಾಕಿದ್ವಿ.”

“ಕಾರು ಏನಕ್ಕೆ ಅಂತ ಅವ್ರನ್ನ ಕೇಳಿದ್ರಾ?”

ಸುಂದರೇಶ ಇಲ್ಲವೆಂದು ತಲೆಯಾಡಿಸಿದ.

“ಮತ್ತೆ ನಾನ್ಯಾಕೆ ಹೇಳ್ಬೇಕು? ಹೇಳಿದ್ರೂ ನೀವು ಮೈಲಿಗೆ ಅಂತ್ಲೇ ಅನ್ನೋದು. ಅವ್ರ ದುಡ್ಡಿಗೆ ಮುಂದ್ಲು ಬಾಗ್ಲು, ನನ್ ದುಡ್ಡಿಗೆ ಹಿತ್ಲು ಬಾಗ್ಲಾ? ಹಾರ ಹಾಕಿಸ್ಕೊಂಡೇ ಹೋಗೋದು ನಾನು. ನಿಲ್ಲು ಅಂದ್ರೆ ಸಂಜೆಗಂಟ ನಿಲ್ತೀನಿ ಬುಡಿ. ಉರಿಯೋ ಗೂಡಿನ ಮುಂದೆ ನಿಂತ ಕಾಲು ಇವು.”

ಆಕೆ ವ್ಯಾನಿನ ಹಿಂಭಾಗವನ್ನು ಎರಡೂ ಕೈಯಿಂದ ಅದುಮಿ ನೋಡಿದಳು. ಬಂದಾಗಿನಿಂದ ಅದೇ ಪರೀಕ್ಷೆ. “ಕುಲುಕಾಕಿಲ್ಲ ತಾನೆ?”

“ಹೊಸ ಸ್ಪ್ರಿಂಗಮ್ಮ. ಕುಲುಕೋದಿಲ್ಲ.”

“ಎಷ್ಟೊತ್ತಲ್ಲಿ ಎಬ್ಬಿಸಿದ್ರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ಬೇಕು.”

“ಆಗುತ್ತೆ. ಆದರೂ… ಇಷ್ಟೆಲ್ಲ ಯಾಕಮ್ಮಾ?”

ಶಿವನಂಜಮ್ಮ ಪರದೆಯ ಅಂಚನ್ನು ಬೆರಳಲ್ಲಿ ಸವರಿದಳು. “ನನ್ ಮಗಳನ್ನ ಇಟ್ಟಿಗೆ ಗಾಡೀಲಿ ಮಲಗಿಸ್ಕೊಂಡು ಹೋದೆ ಕಣಪ್ಪಾ. ಜಟಕಾದವ್ರನ್ನೆಲ್ಲ ಕೈಮುಗಿದು ಕೇಳ್ದೆ. ಗಾಡಿ ಮೈಲಿಗೆಯಾಗ್ತದೆ ಅಂದ್ಬುಟ್ರು. ದಾರಿಯುದ್ದಕ್ಕೂ ಅವಳ ತಲೆ ನನ್ ತೊಡೆ ಮೇಲೆ. ಚಕ್ರ ಗುಂಡಿಗೆ ಬಿದ್ದಾಗೆಲ್ಲ ನನ್ ಜೀವ ಹೋಗಿ ಬರ್ತಿತ್ತು. ಇನ್ಯಾರ ಮನೆ ಮಗಳಿಗೂ ಅಂಗಾಗಬಾರ್ದು.”

ಹೆತ್ತ ಕರುಳು, ಎಂದುಕೊಂಡ ಸುಂದರೇಶ. ಕೊನೆಯ ಸವಾರಿಯಲ್ಲೂ ಮಗಳ ಮೈ ನೋಯಬಾರದು ಅನ್ನಿಸಿರಬೇಕು.

ಅವನು ಗೋಡೆಯ ಕಡೆ ನಡೆದ. ಅಲ್ಲಿ ಚಾಮುಂಡೇಶ್ವರಿಯ ಪಟವಿತ್ತು, ಪಟಕ್ಕೆ ಬೆಳಿಗ್ಗೆ ಹಾಕಿದ ಸೇವಂತಿಗೆ ಹಾರವಿತ್ತು. ಕೈಮುಗಿದು ಹಾರ ತೆಗೆದ. ತಂದು ವ್ಯಾನಿನ ಮೂತಿಗೆ ಕಟ್ಟಿದ.

“ಸುಂದರೇಶ!” ರಾಮಸ್ವಾಮಿ ಬಾಗಿಲಿಗೆ ಬಂದರು.

“ಪುರೋಹಿತರು ಹೋದರೇನು ಸಾರ್, ನಾನೂ ಮಂತ್ರ ಕಲಿತವನೇ.”

“ನಾಳೆ ಕೆಲಸಕ್ಕೆ ಬರ್ತೀಯೋ ಇಲ್ವೋ?”

“ನೀವು ಬಾ ಅಂದರೆ ಬರ್ತೀನಿ. ಇವರು ಮಾತ್ರ ಮುಂದಿನಿಂದಲೇ ಹೋಗ್ತಾರೆ.”

ಪುರೋಹಿತರು ಬಿಟ್ಟುಹೋದ ತಟ್ಟೆಯಲ್ಲಿ ಕುಂಕುಮ, ತೆಂಗಿನಕಾಯಿ, ನಿಂಬೆಹಣ್ಣು ಹಾಗೇ ಇದ್ದವು. ಕುಂಕುಮವಿಟ್ಟ. ಬಾಯಲ್ಲಿ ಮಂತ್ರ, ಮನಸ್ಸಿನಲ್ಲಿ ಶಾರದೆ. ಚಕ್ರದಡಿ ನಿಂಬೆಹಣ್ಣು ಇಟ್ಟ. ಕಾಯಿ ಒಡೆದ. ಮುಂಬಾಗಿಲಿನ ಎರಡೂ ರೆಕ್ಕೆಗಳನ್ನು ತಾನೇ ನೂಕಿ ತೆರೆದ.

ಕೆಂಚಮ್ಮ ಗಂಟು ಅವಚಿಕೊಂಡು ಹಿಂದೆ ಹತ್ತಿದಳು. ಶಿವನಂಜಮ್ಮ ತಾನು ಕರೆತಂದಿದ್ದ ಡ್ರೈವರ್ ಮಹದೇವುವಿನ ಪಕ್ಕ ಮುಂದೆ ಕೂತಳು, ನೆಟ್ಟಗೆ. ಎಂಜಿನ್ನು ಒಂದೇ ಸಲಕ್ಕೆ ಹೊತ್ತಿತು. ನಿಂಬೆಹಣ್ಣು ಚಟ್ ಎಂದವು. ಹೊಸ್ತಿಲ ಬಳಿ ಆಕೆ ಗಾಡಿ ನಿಲ್ಲಿಸಲು ಹೇಳಿದಳು.

“ಮನೆ ಎಲ್ಲಪ್ಪಾ ನಿಂದು?”

“ವಿದ್ಯಾರಣ್ಯಪುರಂ.”

“ನಿನ್ ಹೆಂಡ್ತಿ ದಿನ ತುಂಬಿದೋಳು ಅಂತ ನಿಮ್ ಸಾಹೇಬ್ರು ಅಂದಿದ್ದು ಕೇಳಿಸ್ತು. ಈ ಗಾಡಿ ಮೊದಲ್ನೇ ಸವಾರಿ ನಿನ್ ಮನೆಗೇ. ಈ ಹಲಗೆ ಮೇಲೆ ಮೊದಲು ಮಲಗೋಳು ಅವಳೇ.”

ಸುಂದರೇಶ ಒಂದು ಹೆಜ್ಜೆ ಹಿಂದೆ ಸರಿದ. ಉಪಕಾರಕ್ಕೆ ಇದೇ ಪ್ರತಿಫಲವೇ?

“ಶಾಪ ಹಾಕಿದಳು!” ಹಿಂದಿನಿಂದ ರಾಮಸ್ವಾಮಿ ಕೂಗಿದರು. “ಹೇಳಲಿಲ್ವೇನೋ ನಾನು?”

ಹಿಂದಿನ ಬಿಳಿ ಪರದೆ ಸರಿಯಿತು. ಕೆಂಚಮ್ಮ ಬೊಚ್ಚುಬಾಯಲ್ಲಿ ನಗುತ್ತಿದ್ದಳು. “ನೋವು ಕಾಣಿಸ್ಕೊಂಡ ತಕ್ಷಣ ಹೇಳಿ ಕಳ್ಸಪ್ಪಾ. ಆಸ್ಪತ್ರೆ ಮುಟ್ಟೋಗಂಟ ನಾನು ಪಕ್ಕದಲ್ಲೇ ಇರ್ತೀನಿ. ಅಷ್ಟರೊಳಗೇ ಆಯ್ತು ಅಂದ್ರೂ ಎದರಬ್ಯಾಡ.”

ಸೂಲಗಿತ್ತಿಯ ಕೈಯಲ್ಲಿ ಬಿಳಿಯ ಬಟ್ಟೆ ಬಿಚ್ಚಿಕೊಂಡಿತು. ಒಳಗಿದ್ದದ್ದು, ಹುಟ್ಟಿದ ಕೂಸನ್ನು ಮೊಟ್ಟಮೊದಲು ಮಲಗಿಸುವ ಹೊಸ ಬಿದಿರಿನ ಮೊರ.