ವಾಸಿಯಾದವನು

"ಊದಿ, ಊದಿ, ಬಿಡ್ಬೇಡಿ, ಇನ್ನೂ ಊದಿ!" ನರ್ಸು ಎಂದಿನಂತೆ ಹುರಿದುಂಬಿಸುತ್ತಿದ್ದಳು. ಹಾಸಿಗೆ ಅಂಗಡಿಯವನು ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ಅರ್ಧಕ್ಕೇ ಕೈಚೆಲ್ಲಿದ. ಯಂತ್ರದ ಪರದೆಯ ಮೇಲೆ ಗೆರೆ ತುಸು ಎದ್ದು ಮಕಾಡೆ ಮಲಗಿತು. "ಆಗಲ್ಲ ಸಿಸ್ಟರ್," ಎಂದು ಎದೆ ನೀವಿಕೊಂಡ.

"ಮೂರು ಸಲ ಊದಿದ್ರಿ, ಮೂರೂ ಮೂರು ದಾರಿ ಹಿಡಿದಿವೆ. ನಿಜವಾಗಿ ದಮ್ಮಿರೋರದ್ದು ಕೆಟ್ಟದಾಗಿದ್ರೂ ಒಂದೇ ಥರ ಕೆಟ್ಟಿರತ್ತೆ, ಯಜಮಾನ್ರೇ." ಅವಳು ಬಾಗಿಲು ಮುಂದೆ ಮಾಡಿ ಬಂದು ಕುರ್ಚಿ ಎಳೆದುಕೊಂಡಳು.

ಅದು ಅವನ ಹನ್ನೆರಡನೆಯ ಮಂಗಳವಾರ. ಇಪ್ಪತ್ತೈದು ವರ್ಷಗಳಿಂದ ಹಳೆಯ ಹಾಸಿಗೆಗಳನ್ನು ಬಿಚ್ಚಿ ಹತ್ತಿ ಹಿಂಜಿ, ಆ ಧೂಳನ್ನೆಲ್ಲ ಎದೆಗೆ ತುಂಬಿಕೊಂಡವನು, ಹೊಸ ಇಂಜೆಕ್ಷನ್ನಿನ ಪ್ರಯೋಗಕ್ಕೆ ಜನ ಬೇಕೆಂದು ಕೇಳಿ ಇಲ್ಲಿಗೆ ಬಂದಿದ್ದ. ಮೊದಲ ದಿನವೇ ನರ್ಸು ಬಿಡಿಸಿ ಹೇಳಿದ್ದಳು. ಮೈಯೊಳಗೆ ಸುದ್ದಿ ಮುಟ್ಟಿಸುವ ಕೆಲವು ಪ್ರೋಟೀನುಗಳಿರುತ್ತವೆ. ಒಂದು ಎಳೆ ಧೂಳು ಕಂಡರೂ ಸಾಕು, ಕಳ್ಳ ಬಂದ ಕಳ್ಳ ಬಂದ ಅಂತ ಕೂಗೆಬ್ಬಿಸುತ್ತವೆ. ಆ ಕೂಗಿಗೆ ರಕ್ತದ ಕಾವಲು ಕಣಗಳೆಲ್ಲ ದೊಣ್ಣೆ ಹಿಡಿದು ಓಡಿ ಬರುತ್ತವೆ. ಕಳ್ಳನೇ ಇಲ್ಲದ ಮನೆಯಲ್ಲಿ ದೊಂಬಿ. ಉಸಿರಿನ ಕೊಳವೆ ಊದಿಕೊಂಡು ಮುಚ್ಚಿಹೋಗುತ್ತದೆ. ಕೂಗುವವನ ಬಾಯಿ ಮುಚ್ಚಿಸುವುದೇ ಈ ಔಷಧದ ಕೆಲಸ. ಆವತ್ತು ಅವನು ನಕ್ಕಿದ್ದ. ನಕ್ಕಿದ್ದಕ್ಕೆ ಹತ್ತು ನಿಮಿಷ ಕೆಮ್ಮಿದ್ದ.

ಈಗ ಅವಳು ರಕ್ತಪರೀಕ್ಷೆಯ ಹಾಳೆಯನ್ನು ಅವನತ್ತ ತಿರುಗಿಸಿಟ್ಟಳು. "ನೋಡಿ, ಆ ಕಾವಲು ಕಣಗಳು ಹೆಚ್ಚುಕಡಿಮೆ ಸೊನ್ನೆಗೆ ಇಳಿದಿವೆ. ಕೂಗು ನಿಂತು ಎರಡು ತಿಂಗಳಾಯ್ತು. ಆದ್ರೆ ನೀವು ನಮಗೋಸ್ಕರ ದಿನಾ ಬರೆಯೋ ಡೈರಿಯಲ್ಲಿ? ಸೋಮವಾರ ದಮ್ಮು, ಬುಧವಾರ ದಮ್ಮು, ಶನಿವಾರ ಮೆಟ್ಟಿಲು ಹತ್ತೋಕೇ ಆಗ್ಲಿಲ್ಲ. ನಿಮ್ಮ ರಕ್ತ ಒಂದು ಹೇಳತ್ತೆ, ಕೈ ಇನ್ನೊಂದು ಬರೆಯತ್ತೆ. ಯಾವುದನ್ನ ನಂಬಲಿ?"

ಅವನು ಉಗುರಿನಂಚಿಗೆ ಸಿಕ್ಕಿದ್ದ ದಾರದ ತುಣುಕನ್ನು ಬಿಡಿಸುತ್ತ ಕೂತ. ಗುಣವಾಗದವರಿಗೆ ಇನ್ನಾರು ತಿಂಗಳು ಔಷಧ ಹೆಚ್ಚಿಸಿ ಕೊಡುತ್ತಾರೆ, ಗುಣವಾದವರನ್ನು ಕಳಿಸಿಬಿಡುತ್ತಾರೆ. ಈ ಮಾತು ಅವನ ಕಿವಿಗೆ ಬಿದ್ದಿದ್ದು ಐದನೆಯ ಮಂಗಳವಾರ. ಡೈರಿಯಲ್ಲಿ ದಮ್ಮು ಮರಳಿ ಬಂದಿದ್ದು ಆರನೆಯ ವಾರದಿಂದ.

"ವಾಸಿಯಾದ್ರೆ ಮಂಗಳವಾರ ಎಲ್ಲಿಗೆ ಹೋಗ್ಲಿ ಸಿಸ್ಟರ್?" ಕೊನೆಗೂ ಬಾಯಿಬಿಟ್ಟ. "ಅಂಗಡಿಗೆ ಜನ ಬರ್ತಾರೆ, ಉದ್ದ ಅಗಲ ಹೇಳಿ ಹೋಗ್ತಾರೆ. ಅಷ್ಟೂ ಜನಕ್ಕೆ ಹಾಸಿಗೆ ಹೊಲಿದುಕೊಟ್ಟೋನು ನಾನು. ನನಗೆ ನಿದ್ದೆ ಬಂತಾ ಅಂತ ಕೇಳೋರು ನೀವೊಬ್ರೇ."

"ಅದು ಫಾರಮ್ಮಿನಲ್ಲಿರೋ ಪ್ರಶ್ನೆ. ಎಲ್ಲರಿಗೂ ಕೇಳ್ತೀನಿ."

"ಗೊತ್ತು. ಆದ್ರೂ ಕೇಳ್ತೀರಲ್ಲ."

ನರ್ಸು ಡೈರಿಯ ಮೇಲೆ ಬೆರಳಿಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಇಲ್ಲಿಗೆ ಬರೋ ಹದಿನೆಂಟು ಜನರಲ್ಲಿ ಹತ್ತಿ ಕೆಲಸದೋರು ನೀವೊಬ್ರೇ. ಇದನ್ನ ಹೀಗೇ ಕಳಿಸಿದ್ರೆ, ಹತ್ತಿ ಧೂಳಿನೋರಿಗೆ ಈ ಔಷಧ ನಾಟಲ್ಲ ಅಂತ ಆಗ್ಬಿಡತ್ತೆ. ಎಲ್ಲೋ ನಿಮ್ಮ ಹಾಗೇ ಇನ್ನೊಬ್ಬ ಗೋಡೆಗೆ ಒರಗಿ ಕೂತು ಉಸಿರಿಗೆ ಒದ್ದಾಡ್ತಿರ್ತಾನೆ. ಅವನಿಗೆ ಸಿಗಬೇಕಾದ್ದು ಸಿಗದೇ ಹೋಗತ್ತೆ."

ಅವನಿಗೆ ಹಾಗೆ ಒರಗಿ ಕೂತ ಬೆನ್ನಿನ ನೋವು ಚೆನ್ನಾಗಿ ಗೊತ್ತಿತ್ತು. ಪೆನ್ನು ಕೇಳಿ ಇಸಕೊಂಡ. ಸುಳ್ಳು ಬರೆದ ಸಾಲುಗಳನ್ನು ಒಂದೊಂದಾಗಿ ಹುಡುಕಿ ಹೊಡೆದುಹಾಕಿ, ಪಕ್ಕದಲ್ಲಿ 'ಚೆನ್ನಾಗಿದ್ದೆ' ಎಂದು ಬರೆದು ರುಜು ಹಾಕಿದ. ಇಪ್ಪತ್ತಮೂರು ಸಲ ಚೆನ್ನಾಗಿದ್ದೆ ಎಂದು ಬರೆಯುವಷ್ಟರಲ್ಲಿ ಅವನ ಮುಖ ಬಾಡಿಹೋಗಿತ್ತು. ಆಮೇಲೆ ಕೊಳವೆಯನ್ನು ತಾನೇ ಎತ್ತಿಕೊಂಡು, ಒಳಗಿದ್ದುದನ್ನೆಲ್ಲ ಹೊರಹಾಕುವವನಂತೆ ಊದಿದ. ಗೆರೆ ಪರದೆಯ ನೆತ್ತಿಗೇ ಹೋಗಿ ಮುಟ್ಟಿತು. ನರ್ಸು ಚಪ್ಪಾಳೆ ತಟ್ಟಿ ಡಾಕ್ಟರನ್ನು ಕೂಗಿ ಕರೆದಳು. ಡಾಕ್ಟರು ಬಂದು ಬೆನ್ನು ತಟ್ಟಿ, ಇನ್ನು ನಿಮ್ಮ ಮನೆ ಹತ್ತಿರದ ಆಸ್ಪತ್ರೆಯಲ್ಲೇ ಇಂಜೆಕ್ಷನ್ ತಗೊಳ್ಳಿ, ಎರಡು ತಿಂಗಳಿಗೊಂದು ಸಾಕು, ಎಂದು ಚೀಟಿ ಬರೆದುಕೊಟ್ಟು ಹೋದರು.

"ಇಂಥ ಸುದ್ದೀನ ಯಾರಿಗಾದ್ರೂ ಹೇಳ್ಬೇಕು ಯಜಮಾನ್ರೇ. ಮನೆಯೋರಿಗೆ?"

"ಹೆಂಡತಿ ಅವಳ ಅಕ್ಕನ ಮನೇಲಿದ್ದಾಳೆ. ಒಂಬತ್ತು ವರ್ಷ ಆಯ್ತು. ನನ್ನ ಕೆಮ್ಮು ಕೇಳಿ ಕೇಳಿ ತಲೆ ಕೆಟ್ಟಿದೆ, ನಾಲ್ಕು ದಿನ ಕಣ್ತುಂಬ ನಿದ್ದೆ ಮಾಡಿ ಬರ್ತೀನಿ ಅಂತ ಹೋದಳು." ಚೀಟಿಯನ್ನು ಮಡಿಸುತ್ತ, "ನನ್ನ ನಂಬರು ನೋಡಿದ್ರೆ ಎತ್ತಲ್ಲ," ಎಂದ.

ನರ್ಸು ಮೇಜಿನ ಮೇಲಿದ್ದ ಆಸ್ಪತ್ರೆಯ ಫೋನನ್ನು ಅವನ ಮುಂದಕ್ಕೆ ಸರಿಸಿ, ಮುಂದಿನ ರೋಗಿಯನ್ನು ಕರೆಯಲು ಹೊರಗೆ ಹೋದಳು.

ಅವನು ನಂಬರು ಒತ್ತಿದ. ಹೆಂಡತಿ ಎರಡೇ ರಿಂಗಿಗೆ ಎತ್ತಿದಳು. "ಹಲೋ?" ಅದೇ ದನಿ. ಮೊದಲೆಲ್ಲ ಅವನು ಅಂಗಡಿಯಿಂದ ಫೋನು ಮಾಡಿದರೆ, ಬಾಯಿ ತೆರೆಯುವ ಮುಂಚೆಯೇ ಎದೆಯ ಸುಯ್ಯೆನ್ನುವ ಸದ್ದು ಕೇಳಿ "ಹೇಳಿ" ಎನ್ನುತ್ತಿದ್ದಳು. ಅವನು ಇವತ್ತೂ ಆ "ಹೇಳಿ"ಗೆ ಕಾದ. ಅದು ಬಂದಿದ್ದರೆ ಮಾತು ತಾನಾಗಿ ಹೊರಡುತ್ತಿತ್ತೇನೋ. ಉಸಿರು ಮಾತ್ರ ಯಾವ ಸದ್ದೂ ಇಲ್ಲದೆ, ಎಳೆಯ ಮಗುವಿನದರಂತೆ, ಹೋಗಿ ಬರುತ್ತಿತ್ತು.

"ಯಾರು ಅದು? ಹಲೋ?" ಎಂದಳು. ಒಂದು ಗಳಿಗೆ ಕಿವಿಗೊಟ್ಟು ಕೇಳಿದಳು. ಆಮೇಲೆ ಹಿಂದೆ ಇದ್ದ ಯಾರಿಗೋ ಹೇಳುತ್ತ ಫೋನಿಟ್ಟಳು: "ಯಾರೂ ಇಲ್ಲ ಅಕ್ಕ."